ಬ್ರನೋ ಬರುವುದರೊಳಗೆ

ವಿಯೆನ್ನಾ

ಕಡೂರು ಸ್ಟೇಷನ್ನಿನಲ್ಲಿ ರೈಲು ನಿಲ್ಲುವುದು ಎರಡೇ ನಿಮಿಷ. ಅಷ್ಟರೊಳಗೆ ಎದುರಿಗೆ ಯಾವ ಬಾಗಿಲು ಬಂತೋ ಅದಕ್ಕೆ ನುಗ್ಗಬೇಕು, ಲಗೇಜು ಒಳಗೆ ತಳ್ಳಬೇಕು, ವಯಸ್ಸಾದವರನ್ನು ಕೈ ಹಿಡಿದು ಎಳೆದುಕೊಳ್ಳಬೇಕು. ಸೀಟಿನ ಮಾತು ಆಮೇಲೆ. ನಾನು ಹುಟ್ಟಿದ್ದು ಅಜ್ಜಂಪುರ, ಸೇರಿದ್ದು ಕಡೂರು. ಐವತ್ತಮೂರು ವರ್ಷ ಹೀಗೇ ರೈಲು ಹತ್ತಿದವಳಿಗೆ ವಿಯೆನ್ನಾದಲ್ಲಿ ಬೇರೆ ಥರ ಹತ್ತಬೇಕು ಅಂತ ಯಾರು ಹೇಳಿಕೊಡಬೇಕಿತ್ತು?

ಹೊರಟವರು ನಾಲ್ಕು ಜನ. ನಮ್ಮ ಯಜಮಾನರು ಮಲ್ಲೇಶಪ್ಪ ಕಡೂರಿನಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದಾರೆ. ಹೆಚ್ಚು ಮಾರಿದ್ದಕ್ಕೆ ಮೋಟರ್ ಕಂಪನಿಯವರು ವಿಯೆನ್ನಾ ತೋರಿಸ್ತೀವಿ ಬನ್ನಿ ಅಂತ ಕರೆದದ್ದು ಅವರನ್ನು. ಅವರ ಬಾಲ ಹಿಡಿದು ನಾವು ಮೂವರು. ಮಗಳು ಚೈತ್ರ ಶಿವಮೊಗ್ಗದಲ್ಲಿ ಕೃಷಿ ಓದುತ್ತಿದ್ದಾಳೆ. ಅಷ್ಟು ದೂರ ಹೋಗಿ ಪ್ರಾಗ್ ನೋಡದೆ ಬರೋದಾ ಅಂತ ಹಟ ಹಿಡಿದವಳು ಅವಳೇ. ಅತ್ತೆ ಪಾರ್ವತಮ್ಮನವರಿಗೆ ಎಪ್ಪತ್ತಾರು. ನಾನು ಗೀತಾ, ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಮನೆಯ ಟೈಮ್‌ಟೇಬಲ್ ಹಾಕುವುದೂ ನಾನೇ, ಯಾರಾದರೂ ತಪ್ಪಿಸಿದರೆ ಬೈಯುವುದೂ ನಾನೇ.

ಅತ್ತೆಯವರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅವರ ಕೊರಳಲ್ಲಿ ಇಷ್ಟಲಿಂಗವಿದೆ. ತರೀಕೆರೆಯ ತವರಿನಲ್ಲಿ, ತೊಟ್ಟಿಲಿಗೆ ಹಾಕಿದ ದಿನ ಮಠದ ಅಯ್ಯನವರು ಕಟ್ಟಿದ್ದು. ಅವತ್ತಿನಿಂದ ಅವರ ಮೈಬಿಟ್ಟು ದೂರ ಹೋಗಿಲ್ಲ. ಕೊನೆಗೆ ಅವರನ್ನು ಮಣ್ಣು ಮಾಡುವಾಗಲೂ ಅದು ಅವರ ಎಡಗೈಯಲ್ಲೇ ಇರಬೇಕು. ಬೆಳಿಗ್ಗೆ ಅದನ್ನು ಅಂಗೈಯಲ್ಲಿಟ್ಟು, ನೀರೆರೆದು, ವಿಭೂತಿ ಹಚ್ಚಿ ಪೂಜೆ ಮುಗಿಸುವ ತನಕ ಅವರು ಒಂದು ಗುಟುಕು ನೀರೂ ಬಾಯಿಗೆ ಹಾಕುವುದಿಲ್ಲ. ಕಣ್ಣಿನ ಆಪರೇಷನ್ನಿನ ದಿನ ಆಸ್ಪತ್ರೆಯ ಮಂಚದ ಮೇಲೆ ಕೂತು ಪೂಜೆ ಮಾಡಿದ್ದರು. ಡಾಕ್ಟರು ಕೈಕಟ್ಟಿಕೊಂಡು ಬಾಗಿಲಲ್ಲಿ ಕಾದಿದ್ದರು.

ಇದರ ಜೊತೆಗೆ ಅವರಿಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ನಾನೇ ಹೊಟ್ಟೆಗೆ ಇನ್ಸುಲಿನ್ ಚುಚ್ಚುತ್ತೇನೆ. ಚುಚ್ಚಿದ ಅರ್ಧ ಗಂಟೆಯೊಳಗೆ ಪೂಜೆ, ತಿಂಡಿ ಎರಡೂ ಆಗಬೇಕು. ಮನೆಯಲ್ಲಿ ಇದು ಗಡಿಯಾರದ ಹಾಗೆ ನಡೆಯುತ್ತದೆ. ಪ್ರಾಗ್ ರೈಲಿಗೆ ಹೊರಟ ದಿನ ವಿಯೆನ್ನಾದ ಹೋಟೆಲಿನಲ್ಲಿ ಏಳೂಕಾಲಿಗೆ ಇಂಜೆಕ್ಷನ್ ಕೊಟ್ಟು ತಲೆ ಎತ್ತಿ ನೋಡಿದರೆ, ಯಜಮಾನರು ಇನ್ನೂ ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುತ್ತಿದ್ದಾರೆ. ನನಗೆ ರೇಗಿತು.

"ಅತ್ತೆ, ಪೂಜೆ ರೈಲಲ್ಲಿ ಮಾಡ್ಕೊಳ್ಳಿ. ನಿಧಾನಕ್ಕೆ ಕೂತು ಮಾಡ್ಬೋದು."

"ಇಲ್ಲೇ ಮುಗಿಸ್ಬಿಡ್ತೀನಿ ಕಣೇ. ಹತ್ತು ನಿಮಿಷ."

"ನಿಮ್ಮ ಹತ್ತು ನಿಮಿಷ ಅಂದ್ರೆ ಅರ್ಧ ಗಂಟೆ. ರೈಲು ನಮಗೋಸ್ಕರ ನಿಲ್ಲಲ್ಲ."

ಅತ್ತೆ ಸೆರಗು ಹೊದ್ದು ಎದ್ದರು. ಎಂಟು ಗಂಟೆ ದಾಟಿದ ಮೇಲೆ ರೈಲು, ಎಂಟೂವರೆಯೊಳಗೆ ಪೂಜೆ, ಆಮೇಲೆ ಡಬ್ಬಿಯಲ್ಲಿದ್ದ ಚಟ್ನಿಪುಡಿ ಅವಲಕ್ಕಿ. ಸ್ವಲ್ಪ ತಡವಾದರೂ ಏನೂ ಆಗಲ್ಲ ಅಂತ ನನ್ನ ಲೆಕ್ಕ. ನಾನು ಹಾಕಿದ ಲೆಕ್ಕ ತಪ್ಪುವುದಿಲ್ಲ ಅಂತ ನನಗೆ ಬಹಳ ಜಂಬ.

ನಮ್ಮದಲ್ಲದ ಸೀಟು

ಟ್ರಾಮನ್ನು ಉಲ್ಟಾ ದಿಕ್ಕಿಗೆ ಹತ್ತಿದೆವು. ಇಳಿದು ಮತ್ತೆ ಹತ್ತಿ ಸ್ಟೇಷನ್ನಿಗೆ ಬರುವಷ್ಟರಲ್ಲಿ ರೈಲು ಪ್ಲಾಟ್‌ಫಾರಂನಲ್ಲಿ ನಿಂತಿತ್ತು. ಚೈತ್ರ ಟಿಕೆಟ್ಟು ನೋಡಿ, "ಅಮ್ಮ, ನಮ್ಮ ಡಬ್ಬಿ ಇನ್ನೂ ಮುಂದೆ ಇದೆ" ಅಂದಳು. "ಮೊದ್ಲು ಹತ್ತು, ಆಮೇಲೆ ನೋಡೋಣ" ಅಂತ ಎದುರಿಗಿದ್ದ ಬಾಗಿಲಿಗೆ ಎಲ್ಲರನ್ನೂ ದಬ್ಬಿದೆ. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಒಳಗೆ ನಾಲ್ಕು ಸೀಟು, ನಡುವೆ ಒಂದು ಟೇಬಲ್, ಯಾರೂ ಇಲ್ಲ. ಕೂತೆವು. ಸೀಟಿನ ಮೇಲೆ ಸಣ್ಣ ಪಟ್ಟಿಯಲ್ಲಿ ಊರಿನ ಹೆಸರುಗಳು ಬೆಳಗುತ್ತಿದ್ದವು. ಮುಂದೆ ಬರುವ ಸ್ಟೇಷನ್ನು ಇರಬೇಕು ಅಂದುಕೊಂಡೆವು. ಆ ಸೀಟು ಇಂಥ ಊರಿಂದ ಇಂಥ ಊರಿಗೆ ಬೇರೆಯವರಿಗೆ ರಿಸರ್ವ್ ಆಗಿದೆ ಅಂತ ಅದರ ಅರ್ಥವಂತೆ. ಮೇಲೆ ಎರಡು ಕೋಟು ತೂಗುತ್ತಿದ್ದವು. ಅದನ್ನೂ ನೋಡಲಿಲ್ಲ.

ಅಲ್ಲಿಯ ರೈಲಿನ ಮೌನ ನನಗೆ ಹಿಡಿಸಲಿಲ್ಲ. ನಮ್ಮಲ್ಲಿ ಕಡೂರಲ್ಲಿ ಹತ್ತಿ ಬೀರೂರು ಬರುವಷ್ಟರಲ್ಲಿ ಎದುರಿನವರ ಮಗಳಿಗೆ ಎಲ್ಲಿ ಗಂಡು ನೋಡಿದ್ದಾರೆ, ಯಾಕೆ ತಪ್ಪಿಹೋಯಿತು, ಎಲ್ಲ ಗೊತ್ತಾಗಿರುತ್ತದೆ. ಇಲ್ಲಿ ಒಂದು ಡಬ್ಬಿ ತುಂಬ ಜನ, ಒಬ್ಬರೂ ಕೆಮ್ಮುವುದಿಲ್ಲ. ವಡೆ ಇಲ್ಲ, ಕಾಫಿ ಕಾಫಿ ಅನ್ನುವ ಕೂಗಿಲ್ಲ. ಯಜಮಾನರು ಸೀನಿದರು, ಮೂರು ಜನ ತಿರುಗಿ ನೋಡಿದರು.

ವಿಭೂತಿ ದೊಡ್ಡ ಸೂಟ್‌ಕೇಸಿನ ತಳದಲ್ಲಿತ್ತು. ಅದನ್ನು ಇಳಿಸಿ, ಬಿಚ್ಚಿ, ಹುಡುಕಿ ತೆಗೆಯುವುದರಲ್ಲಿ ಎಂಟೂವರೆ ದಾಟಿತು. ಅತ್ತೆ ಕೊರಳಿನ ಬಟ್ಟೆಯ ಗಂಟು ಬಿಚ್ಚಿ ಲಿಂಗ ತೆಗೆದರು. ಮನೆಯಲ್ಲಿ ಅದಕ್ಕೆ ಬೆಳ್ಳಿ ಕರಡಿಗೆ ಇದೆ. ಏರ್‌ಪೋರ್ಟಿನಲ್ಲಿ ತಪಾಸಣೆಗೆ ಬಿಚ್ಚಿಸ್ತಾರೆ, ಯಾಕೆ ರಗಳೆ ಅಂತ ಅದನ್ನು ಕಡೂರಲ್ಲೇ ಇಡಿಸಿದವಳೂ ನಾನೇ. ಚೈತ್ರ ಹೋಟೆಲಿನಿಂದ ತಂದಿದ್ದ ಎರಡು ಕಾಗದದ ಲೋಟ ಟೇಬಲ್ ಮೇಲಿಟ್ಟಳು. ಒಂದರ ಮೇಲೆ ಎಡಗೈ ಹಿಡಿದು ಅತ್ತೆ ಲಿಂಗಕ್ಕೆ ನೀರೆರೆದರು. ರೈಲು ಅಲ್ಲಾಡಿ ಅರ್ಧ ನೀರು ಲಿಂಗದ ಬಟ್ಟೆಗೂ ಟೇಬಲ್ಲಿಗೂ ಹೋಯ್ತು. ನಾನು ಕಾಗದದ ಕರವಸ್ತ್ರ ಒಂದರ ಮೇಲೊಂದು ತೆಗೆದು ಒರೆಸಿದೆ. ಬಟ್ಟೆ ಒದ್ದೆಯಾಯಿತಲ್ಲ ಅಂತ ಅತ್ತೆ ಲಿಂಗವನ್ನು ಅಂಥದ್ದೇ ಒಂದು ಒಣ ಕಾಗದದಲ್ಲಿ ಸುತ್ತಿ ಹಿಡಿದು ವಿಭೂತಿ ಉಂಡೆಗೆ ಕೈ ಹಾಕಿದರು.

ಅಷ್ಟರಲ್ಲಿ ಕಾಫಿ ಲೋಟ ಹಿಡಿದುಕೊಂಡು ಗಂಡ ಹೆಂಡತಿ ಬಂದು ನಿಂತರು. ರೈಲಿನಲ್ಲೇ ಇರುವ ಊಟದ ಡಬ್ಬಿಗೆ ಹೋಗಿದ್ದವರು. ಮೇಲಿನ ಕೋಟು ತೋರಿಸಿದರು, ಟಿಕೆಟ್ಟು ತೋರಿಸಿದರು, ಬೈಯಲಿಲ್ಲ. ಸುಮ್ಮನೆ ನಿಂತರು. ನಮ್ಮೂರಲ್ಲಾದರೆ ಸ್ವಲ್ಪ ಸರ್ಕೊಳ್ಳಿ ಅಂದು ಆರು ಜನ ಕೂತುಬಿಡಬಹುದಿತ್ತು. ಹಾಗೆ ನಿಂತೇ ಇರುವವರ ಎದುರು ಏನು ಮಾಡೋದು? ನನಗೆ ಮಾನ ಹೋದಹಾಗಾಯಿತು.

"ಏಳಿ ಏಳಿ ಏಳಿ" ಅಂದೆ.

ಅತ್ತೆಗೆ ಮಂಡಿನೋವು. ಎರಡೂ ಕೈ ಊರದೆ ಏಳಲಾಗುವುದಿಲ್ಲ. ನೀರಿನ ಲೋಟ ಮೊಮ್ಮಗಳಿಗೆ ಕೊಟ್ಟರು, ಕಾಗದದ ಪೊಟ್ಟಣ ಟೇಬಲ್ಲಿನ ಮೇಲಿಟ್ಟು, "ಗೀತಾ, ತಗೋತೀಯಾ?" ಅಂದರು. "ಎಲ್ಲಾ ನಾನು ತಗೋತೀನಿ, ನೀವು ನಡೀರಿ" ಅಂದೆ.

ಅದೇ ಹೊತ್ತಿಗೆ ಕಸ ಎತ್ತುವ ಹೆಂಗಸು ನೀಲಿ ಚೀಲ ಹಿಡಿದುಕೊಂಡು ಬಂದಳು. ಟೇಬಲ್ಲಿನ ಮೇಲೆ ಒದ್ದೆ ಕಾಗದಗಳು ಬಿದ್ದಿದ್ದವು. ಇಂಡಿಯಾದವರು ಗಲೀಜು ಮಾಡಿ ಎದ್ದುಹೋದರು ಅಂತ ಆ ಗಂಡ ಹೆಂಡತಿ ಅಂದುಕೊಳ್ಳಬಾರದಲ್ಲ. ಶಾಲೆಯ ಮೇಜಿನ ಮೇಲಿನ ಸೀಮೆಸುಣ್ಣದ ಪುಡಿ ತಳ್ಳುವ ಹಾಗೆ ಅಂಗೈಯಂಚಿನಿಂದ ಎಲ್ಲವನ್ನೂ ಖಾಲಿ ಲೋಟಕ್ಕೆ ತಳ್ಳಿದೆ. ಲೋಟವನ್ನು ಚೀಲಕ್ಕೆ ಹಾಕಿದೆ. ಟೇಬಲ್ ಪಳಪಳ ಆಯಿತು. ಆ ಹೆಂಗಸಿಗೆ ಥ್ಯಾಂಕ್ಯೂ ಬೇರೆ ಹೇಳಿದೆ.

ಬ್ರೆಕ್ಲಾವ್

ನಾಲ್ಕು ಡಬ್ಬಿ ದಾಟಿ ನಮ್ಮ ಸೀಟು ಸಿಕ್ಕುವ ಹೊತ್ತಿಗೆ ರೈಲು ಬ್ರೆಕ್ಲಾವ್ ಅನ್ನುವ ಊರಲ್ಲಿ ನಿಂತಿತ್ತು. ದೇಶ ಬದಲಾಗಿತ್ತು. ಯಾರೂ ಬಂದು ಪಾಸ್‌ಪೋರ್ಟ್ ಕೇಳಲಿಲ್ಲ. ನಾವೂ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಅತ್ತೆ ಸುಸ್ತಾಗಿ ಕೂತು ಎಡಗೈ ಚಾಚಿದರು.

"ಕೊಡು ಗೀತಾ."

ಬ್ಯಾಗು ತೆಗೆದೆ. ವಿಭೂತಿ ಉಂಡೆ ಇತ್ತು, ಒದ್ದೆ ಬಟ್ಟೆ ಇತ್ತು, ನೀರಿನ ಬಾಟಲಿ ಇತ್ತು. ಪೊಟ್ಟಣ ಇರಲಿಲ್ಲ. ಇನ್ನೊಂದು ಖಾನೆ ನೋಡಿದೆ. ಅಲ್ಲೂ ಇಲ್ಲ. ಆಗ ನನ್ನ ಅಂಗೈಯಂಚು ಟೇಬಲ್ಲಿನ ಮೇಲೆ ಸರಿದದ್ದು ಕಣ್ಣಿಗೆ ಬಂತು. ಎಪ್ಪತ್ತಾರು ವರ್ಷ ಅವರು ಮೈಮೇಲಿಂದ ಇಳಿಸದೆ ಕಾಪಾಡಿದ್ದನ್ನು ನಾನು ಕಸದ ಚೀಲಕ್ಕೆ ಹಾಕಿದ್ದೆ.

"ಎಲ್ಲೋ ಬ್ಯಾಗಿನ ಸಂದೀಲಿ ಇರ್ಬೇಕು ಅತ್ತೆ" ಅಂದೆ. ಸುಳ್ಳು ಬಾಯಿಗೆ ಎಷ್ಟು ಬೇಗ ಬಂತು ಅಂತ ಈಗಲೂ ನಾಚಿಕೆಯಾಗುತ್ತದೆ.

"ಸರಿಯಾಗಿ ನೋಡಮ್ಮ. ಅದು ಮೈಮೇಲಿಲ್ದೆ ನಂಗೆ ಕೂರಕ್ಕಾಗಲ್ಲ" ಅಂದರು. ದನಿ ಮೆತ್ತಗಾಗಿತ್ತು. ಹಣೆಯ ಮೇಲೆ ಬೆವರು ಕಂಡಿತು. ಡಬ್ಬಿಯೊಳಗೆ ತಣ್ಣಗಿತ್ತು, ನಾವೆಲ್ಲ ಸ್ವೆಟರು ಹಾಕಿದ್ದೆವು. ಆ ಬೆವರು ಏನೆಂದು ನನಗೆ ಗೊತ್ತಿತ್ತು. ಗಡಿಯಾರ ನೋಡಿದೆ, ಒಂಬತ್ತು ದಾಟಿ ಐದು ನಿಮಿಷ. ಇಂಜೆಕ್ಷನ್ ಕೊಟ್ಟು ಎರಡು ಗಂಟೆ ಆಗುತ್ತಾ ಬಂದಿತ್ತು, ಹೊಟ್ಟೆಗೆ ಏನೂ ಇಲ್ಲ.

"ಅಮ್ಮ, ಒಂದು ಚಮಚ ಸಕ್ಕರೆ ಬಾಯಿಗೆ ಹಾಕ್ಕೊ" ಅಂದರು ಯಜಮಾನರು.

"ಲೇ ಮಲ್ಲೇಶ, ಹುಚ್ಚಾ ನಿಂಗೆ? ಲಿಂಗ ಮೈಮೇಲಿಲ್ದೆ ಬಾಯಿಗೆ ಹಾಕ್ಕೊಂಡಿದೀನಾ ಯಾವತ್ತಾದ್ರೂ?"

"ಜೀವ ಹೋಗೋ ವಿಷಯ ಕಣಮ್ಮ."

"ಹೋದ್ರೆ ಹೋಗ್ಲಿ ಬಿಡು. ಅದಿಲ್ದೆ ಇರೋದೇನು ಇರೋದು?"

ಸಿಟ್ಟಿನಿಂದ ಹೇಳಲಿಲ್ಲ. ನಾಳೆ ಬುಧವಾರ ಅನ್ನುವ ಹಾಗೆ ಹೇಳಿದರು. ಅದಕ್ಕೇ ನನಗೆ ಭಯವಾಯಿತು. ನಾನು ಚೈತ್ರಳ ಮಣಿಕಟ್ಟು ಹಿಡಿದು, "ಹಳೇ ಸೀಟಿನ ಹತ್ರ ನೋಡ್ಕೊಂಡು ಬತ್ತೀವಿ" ಅಂತ ಎಳೆದುಕೊಂಡು ಹೊರಟೆ. ಎರಡು ಡಬ್ಬಿಯ ನಡುವಿನ ಸಂದಿಯಲ್ಲಿ ನಿಂತು ಅವಳಿಗೆ ನಿಜ ಹೇಳಿದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಅಮ್ಮ, ನೀನಾ?" ಅಂದಳು. ಪರೀಕ್ಷೆಯಲ್ಲಿ ಫೇಲಾಗಿ ಮನೆಗೆ ಬರುವ ಮಕ್ಕಳ ಪಾಡೇನು ಅಂತ ಇಷ್ಟು ವರ್ಷ ಪಾಠ ಹೇಳಿದ ನನಗೆ ಆಗ ಗೊತ್ತಾಯಿತು.

ಊಟದ ಡಬ್ಬಿ

ಹಳೆಯ ಸೀಟಿನಲ್ಲಿ ಆ ಗಂಡ ಹೆಂಡತಿ ಕೂತು ಓದುತ್ತಿದ್ದರು. ನೀಲಿ ಚೀಲದ ಹೆಂಗಸು ಎಲ್ಲಿ ಅಂತ ಚೈತ್ರ ಕೇಳಿದಳು. ಊಟದ ಡಬ್ಬಿಯ ಕಡೆ ಕೈ ತೋರಿಸಿದರು. ಓಡಿದೆವು. ಆ ಮೌನದಲ್ಲಿ ನಮ್ಮ ಚಪ್ಪಲಿಯ ಸದ್ದಿಗೆ ಡಬ್ಬಿಗೆ ಡಬ್ಬಿಯೇ ತಲೆ ಎತ್ತಿತು. ಆಮೇಲೆ ಯಾರು ನೋಡಿದರೇನು ಅನ್ನಿಸಿತು.

ಆಕೆ ಸಿಕ್ಕಳು. ನನ್ನ ವಯಸ್ಸಿನವಳೇ, ದಾರ ಕಟ್ಟಿದ ಕನ್ನಡಕ ಎದೆಯ ಮೇಲೆ ನೇತಾಡುತ್ತಿತ್ತು. ಕೈಯಲ್ಲಿ ಚೀಲ ಇರಲಿಲ್ಲ. ಇಂಗ್ಲಿಷು ಬರುವುದಿಲ್ಲ ಅಂತ ತಲೆಯಾಡಿಸಿದಳು. ಚೈತ್ರ ಮೊಬೈಲಿನಲ್ಲಿ ಟೈಪು ಮಾಡಿ ಅವಳ ಭಾಷೆಗೆ ತಿರುಗಿಸಿ ತೋರಿಸಿದಳು: ನಮ್ಮ ಅಜ್ಜಿಯ ದೇವರು ನಿಮ್ಮ ಕಸದ ಚೀಲದಲ್ಲಿದೆ. ಆಕೆ ಕನ್ನಡಕ ಹಾಕಿ ಓದಿದಳು, ಮತ್ತೊಮ್ಮೆ ಓದಿದಳು, ಕನ್ನಡಕ ತೆಗೆದು ನಮ್ಮನ್ನು ನೋಡಿದಳು. ನಂತರ ಹೋಗಿ ಕಂಡಕ್ಟರನ್ನು ಕರೆದುಕೊಂಡು ಬಂದಳು.

ಕಂಡಕ್ಟರು ಎತ್ತರದ ಮನುಷ್ಯ, ಬಹಳ ಮರ್ಯಾದೆಯವನು, ಇಂಗ್ಲಿಷು ಬರುತ್ತಿತ್ತು. ಚೀಲಗಳೆಲ್ಲ ಕಟ್ಟಿ ಕಪಾಟಿನೊಳಗೆ ಬೀಗ ಹಾಕಿದೆ, ಮುಂದಿನ ಸ್ಟೇಷನ್ನು ಬ್ರನೋದಲ್ಲಿ ಇಳಿಸುತ್ತಾರೆ, ಕಸ ಬಿಚ್ಚುವ ನಿಯಮ ಇಲ್ಲ, ಪ್ರಾಗ್‌ನಲ್ಲಿ ಕಳೆದ ವಸ್ತುಗಳ ಕಚೇರಿ ಇದೆ, ಅಲ್ಲಿ ಬರೆದುಕೊಡಿ ಅಂದ. ವಸ್ತು ಏನು? ಒಡವೆಯೇ? ಅಂತ ಕೇಳಿದ.

"ಕಲ್ಲು" ಅಂದಳು ಚೈತ್ರ. "ಸಣ್ಣ ಕರಿ ಕಲ್ಲು."

ಅವನ ಮುಖದಲ್ಲಿ ಒಂದು ಸಣ್ಣ ನಗು ಬಂತು. ಅದನ್ನು ಕಂಡು ನನ್ನ ತಲೆ ಕೆಟ್ಟಿತು. ನನಗೆ ಬರುವ ಇಂಗ್ಲಿಷೆಲ್ಲ ಮರೆತು ಕನ್ನಡದಲ್ಲೇ ಹೇಳಿದೆ. ಕ್ಲಾಸಿನಲ್ಲಿ ಕೊನೆಯ ಬೆಂಚಿನವರಿಗೆ ಕೇಳಿಸಲಿ ಅಂತ ಮಾತಾಡುವ ದನಿ ಅದು.

"ಪ್ರಾಗ್‌ವರೆಗೂ ನಮ್ಮತ್ತೆ ಉಳಿಯಲ್ಲ ಕಣಪ್ಪಾ. ಬಾಗ್ಲು ತೆಗಿ."

ಊಟದ ಡಬ್ಬಿಯಲ್ಲಿದ್ದ ಎಲ್ಲರೂ ನಮ್ಮ ಕಡೆ ತಿರುಗಿದರು. ಚೈತ್ರ ಇಂಗ್ಲಿಷಿಗೆ ಮಾಡಿದಳು: ನಮ್ಮಜ್ಜಿಗೆ ಇನ್ಸುಲಿನ್ ಕೊಟ್ಟಿದೆ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಬೆವರುತ್ತಿದ್ದಾರೆ.

ಕಂಡಕ್ಟರನ ನಗು ಹೋಯಿತು. "ಸಕ್ಕರೆ ಕೊಡಿ, ಈಗಲೇ" ಅಂದ.

"ತಿನ್ನಲ್ಲ."

"ಯಾಕೆ?"

"ಆ ಕಲ್ಲು ಸಿಗೋವರೆಗೆ ತಿನ್ನಲ್ಲ."

ಅವನಿಗೆ ಅರ್ಥವಾಗಲಿಲ್ಲ. ಅರ್ಥಮಾಡಿಸುವಷ್ಟು ಹೊತ್ತೂ ಇರಲಿಲ್ಲ. ಅಷ್ಟರಲ್ಲಿ ಯಜಮಾನರ ಫೋನು. "ಗೀತಾ, ಅಮ್ಮನ ಕೈ ನಡುಗ್ತಿದೆ. ಮಾತು ತೊದಲ್ತಿದೆ. ಸಿಕ್ತೇನೇ?" ಅಂದರು. ಅವರು ಹಾಗೆ ಹೆದರಿ ಮಾತಾಡಿದ್ದನ್ನು ನಾನು ಮದುವೆಯಾದ ಮೇಲೆ ಕೇಳಿಯೇ ಇರಲಿಲ್ಲ. ನಾನು ಫೋನು ಕಿವಿಗೆ ಹಿಡಿದುಕೊಂಡೇ ಕಂಡಕ್ಟರನಿಗೆ ಕೈ ಮುಗಿದೆ. ಅವನು ನನ್ನ ಕೈಗಳನ್ನು ನೋಡಿದ, ಆ ಹೆಂಗಸನ್ನು ನೋಡಿದ, ಸೊಂಟದಿಂದ ಬೀಗದಕೈ ತೆಗೆದ.

ಮೂರು ಚೀಲ ಇದ್ದವು, ಮೂರೂ ನೀಲಿ. ಯಾವುದು ಅಂತ ಆಕೆಗೂ ನೆನಪಿಲ್ಲ. ನೆಲದ ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿ ಮೊದಲನೆಯದನ್ನು ಸುರಿದಳು. ನನಗೂ ಒಂದು ಜೊತೆ ಗ್ಲೋವ್ಸ್ ಕೊಟ್ಟಳು. ಹಾಕಿಕೊಂಡು ನೋಡಿದೆ, ಯಾವುದು ಕಾಗದ ಯಾವುದು ಕಲ್ಲು ಅಂತ ಬೆರಳಿಗೆ ತಿಳಿಯಲಿಲ್ಲ. ಕಿತ್ತು ಎಸೆದು ಬರಿಗೈ ಹಾಕಿದೆ.

ನಮ್ಮ ಮನೆಯಲ್ಲಿ ಮೊಟ್ಟೆಯೂ ಒಳಗೆ ಬರುವುದಿಲ್ಲ. ಆವತ್ತು ನನ್ನ ಬೆರಳ ಸಂದಿಯಲ್ಲಿ ಏನೇನು ಹೋಯಿತು ಅಂತ ಬರೆಯುವುದಿಲ್ಲ. ಯಾರೋ ಅರ್ಧ ತಿಂದು ಬಿಟ್ಟ ಬ್ರೆಡ್ಡು, ನಡುವೆ ತೆಳ್ಳಗೆ ಕೊಯ್ದ ಮಾಂಸ, ಅದರ ಜಿಡ್ಡು, ಹಳದಿ ಸಾಸು, ಮೂಗೊರೆಸಿದ ಕಾಗದ. ಒಂದೊಂದು ಕಾಗದದ ಉಂಡೆಯನ್ನೂ ಹಿಚುಕಿ ನೋಡಬೇಕಿತ್ತು. ನೂರಾರು ಉಂಡೆಗಳು. ವಾಕರಿಕೆ ಬಂತು, ನುಂಗಿಕೊಂಡೆ. ಮೊದಲ ಚೀಲದಲ್ಲಿ ಇರಲಿಲ್ಲ.

ಎರಡನೆಯದನ್ನು ಸುರಿಯುವಾಗ ಮೈಕಿನಲ್ಲಿ ಬ್ರನೋ ಅನ್ನುವ ಮಾತು ಕೇಳಿಸಿತು. ರೈಲು ವೇಗ ತಗ್ಗಿಸುತ್ತಿತ್ತು. ಚೈತ್ರ ಅಳಲು ಶುರುಮಾಡಿದ್ದಳು, ಅಳುತ್ತಲೇ ಹುಡುಕುತ್ತಿದ್ದಳು. ಎತ್ತಿ ಬದಿಗಿಡುತ್ತಿದ್ದ ಲೋಟಗಳಲ್ಲಿ ಒಂದು ಕೈಗೆ ಭಾರವಾಗಿ ಬಂತು. ಖಾಲಿ ಲೋಟ, ಕಾಗದ ತುಂಬಿದ ಲೋಟ, ಎರಡೂ ಅಷ್ಟು ಭಾರ ಇರಲು ಸಾಧ್ಯವಿಲ್ಲ. ಒಳಗಿಂದ ಒದ್ದೆ ಕಾಗದ ಎಳೆದೆ. ಯಾರದೋ ಕಾಫಿ ಮೇಲೆ ಸುರಿದು ಕಂದು ಬಣ್ಣ ಆಗಿತ್ತು, ಒಂದು ಚೂರು ಮಾಂಸ ಅಂಟಿಕೊಂಡಿತ್ತು. ಅದರೊಳಗಿನ ಇನ್ನೊಂದು ಕಾಗದದಲ್ಲಿ ನೆಲ್ಲಿಕಾಯಿ ಗಾತ್ರದ ಕರಿ ಲಿಂಗ.

ಅಂಗೈಯಲ್ಲಿಟ್ಟುಕೊಂಡು ಅಲ್ಲೇ ನೆಲದ ಮೇಲೆ ಕುಸಿದು ಕೂತೆ. ಅದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅತ್ತೆ ತಮ್ಮ ಲಿಂಗವನ್ನು ಬರಿಗೈಯಲ್ಲಿ ಯಾರಿಗೂ ಮುಟ್ಟಗೊಡುವುದಿಲ್ಲ, ನನಗಂತೂ ಇಲ್ಲವೇ ಇಲ್ಲ. ಯಾಕೆಂದರೆ ನಾನು ಕಟ್ಟಿಕೊಳ್ಳುವುದಿಲ್ಲ. ನನಗೂ ಚಿಕ್ಕಂದಿನಲ್ಲಿ ಕಟ್ಟಿದ್ದರು. ಕಾಲೇಜಿಗೆ ಹೋಗುವಾಗ ದಾರ ಕಾಣಿಸುತ್ತದೆ ಅಂತ ತೆಗೆದವಳು ಮತ್ತೆ ಹಾಕಿಕೊಳ್ಳಲಿಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆ ಒಂದೇ ಸಲ ಕೇಳಿದ್ದರು. ಆಮೇಲೆ ಪೂಜೆಯ ನೀರನ್ನು ನನ್ನ ಕೈಯಿಂದ ತೆಗೆದುಕೊಳ್ಳುವುದನ್ನು ಬಿಟ್ಟಿದ್ದರು, ಅಷ್ಟೇ. ಆ ಹೊತ್ತಿನಲ್ಲಿ ಅದೆಲ್ಲ ನೆನಪಾಗಿ ಕೈ ಹಿಂದೆಗೆಯಬೇಕೆನ್ನಿಸಿತು. ಆದರೆ ಕಳೆದ ಕೈಯೇ ತಂದುಕೊಡಬೇಕಿತ್ತು.

ಕಕ್ಕಸಿನ ಪಕ್ಕದ ನಲ್ಲಿಯಲ್ಲಿ ತೊಳೆಯಲು ನನಗೆ ಮನಸ್ಸು ಬರಲಿಲ್ಲ. ಆ ಹೆಂಗಸು ಏನು ತಿಳಿದುಕೊಂಡಳೋ, ಅಡುಗೆ ಕಟ್ಟೆಯ ಹಿಂದೆ ಕರೆದುಕೊಂಡು ಹೋಗಿ ಕುಡಿಯುವ ನೀರಿನ ನಲ್ಲಿ ತಿರುಗಿಸಿದಳು. ಮೂರು ಸಲ ತೊಳೆದೆ. ಅಷ್ಟೂ ಹೊತ್ತು ಆಕೆ ಬೇರೆ ಯಾರನ್ನೂ ಒಳಗೆ ಬಿಡದೆ ಬಾಗಿಲಿಗೆ ಅಡ್ಡ ನಿಂತಿದ್ದಳು.

ಬ್ರನೋ

ನಾವು ಸೀಟಿಗೆ ಬಂದಾಗ ರೈಲು ನಿಂತಿತ್ತು. ಅತ್ತೆ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದರು. ಮುಖ ಬಿಳಿಚಿಕೊಂಡಿತ್ತು, ಕುಪ್ಪಸದ ಕೊರಳು ಒದ್ದೆಯಾಗಿತ್ತು. ಆಚೆ ಸೀಟಿನಲ್ಲಿ ಪದಬಂಧ ತುಂಬುತ್ತ ಕೂತಿದ್ದ ಮುದುಕನೊಬ್ಬ ಈಗ ನಡುದಾರಿಯಲ್ಲಿ ಎದ್ದು ನಿಂತಿದ್ದ. ಕೈಯಲ್ಲಿ ನಾಲ್ಕೈದು ಸಕ್ಕರೆ ಪೊಟ್ಟಣ. ಕೊಡಲು ನೋಡಿದ್ದಾನೆ, ಇವರು ಬೇಡ ಅಂದಿದ್ದಾರೆ, ಯಾಕೆ ಅಂತ ತಿಳಿಯದೆ ಹಾಗೇ ಚಾಚಿಕೊಂಡು ನಿಂತಿದ್ದಾನೆ.

"ಅತ್ತೆ, ಸಿಕ್ತು" ಅಂದೆ.

ಕಣ್ಣು ಬಿಟ್ಟರು. "ಎಲ್ಲಿತ್ತು?"

"ಸೀಟಿನ ಕೆಳಗೆ ಬಿದ್ದಿತ್ತಂತೆ ಕಣಮ್ಮ" ಅಂತ ಯಜಮಾನರು ನನಗಿಂತ ಮುಂಚೆ ಹೇಳಿಬಿಟ್ಟರು. ಚೈತ್ರ ದಾರಿಯಲ್ಲೇ ಅವರಿಗೆ ಫೋನಿನಲ್ಲಿ ಎಲ್ಲ ತಿಳಿಸಿದ್ದಳು. ನನ್ನ ಕಡೆ ಕಣ್ಣು ಮಾಡಿದರು, ಸುಮ್ಮನಿರು ಅಂತ. ಸುಮ್ಮನಿದ್ದರೆ ಮುಗಿಯುತ್ತಿತ್ತು. ಅತ್ತೆ ತಿಂದು, ಚೇತರಿಸಿಕೊಂಡು, ಪ್ರಾಗ್ ನೋಡಿ, ಕಡೂರಿಗೆ ಹೋಗಿ, ನೆಮ್ಮದಿಯಾಗಿ ಇರುತ್ತಿದ್ದರು. ದಿನಾ ಬೆಳಿಗ್ಗೆ ಅದನ್ನು ಅಂಗೈಯಲ್ಲಿಟ್ಟುಕೊಳ್ಳುವಾಗ ನಾನು ಮಾತ್ರ ಅಡುಗೆಮನೆಯಿಂದ ನೋಡುತ್ತಿರಬೇಕಾಗಿತ್ತು. ನನ್ನಿಂದ ಅದು ಆಗುವುದಿಲ್ಲ ಅನ್ನಿಸಿತು.

"ಸುಳ್ಳು ಅತ್ತೆ. ಕಸದ ಚೀಲದಲ್ಲಿತ್ತು. ಮಾಂಸದ ಜೊತೆ ಬಿದ್ದಿತ್ತು. ಹಾಕಿದವಳು ನಾನೇ, ಟೇಬಲ್ ಒರೆಸ್ತಾ ಹಾಕ್ಬಿಟ್ಟೆ. ಬ್ಯಾಗಲ್ಲಿದೆ ಅಂತ ನಿಮಗೆ ಸುಳ್ಳೂ ಹೇಳ್ದೆ."

ಯಜಮಾನರು ತಲೆ ತಗ್ಗಿಸಿದರು. ಅತ್ತೆ ನನ್ನನ್ನು ನೋಡುತ್ತಿದ್ದರು. ನನ್ನ ಸ್ವೆಟರಿನ ತೋಳಿಗೆ ಹಳದಿ ಸಾಸು ಮೆತ್ತಿತ್ತು. ಹೊರಗೆ ಪ್ಲಾಟ್‌ಫಾರಂನಲ್ಲಿ ಜನ ಇಳಿದು ಹತ್ತುತ್ತಿದ್ದರು, ಒಂದು ಮಗು ಅಳುತ್ತಿತ್ತು.

"ನೀನೇ ಕೈ ಹಾಕಿ ತೆಗೆದ್ಯಾ?"

"ಹೂಂ."

"ಬರಿಗೈಲಿ?"

"ಹೂಂ ಅತ್ತೆ."

"ತೊಳೆದ್ಯಾ?"

"ಮೂರು ಸಲ."

ಅತ್ತೆ ಎಡಗೈ ಚಾಚಿದರು. ಅಂಗೈಯಲ್ಲಿಟ್ಟೆ. ಕೈ ಎಷ್ಟು ನಡುಗುತ್ತಿತ್ತೆಂದರೆ ಲಿಂಗ ನಿಲ್ಲುತ್ತಿರಲಿಲ್ಲ. "ನನ್ನ ಕೈ ಹಿಡ್ಕೊ" ಅಂದರು. ಅವರ ಕೈಯ ಕೆಳಗೆ ನನ್ನ ಎರಡೂ ಕೈ ಕೊಟ್ಟು ಹಿಡಿದೆ. ಚೈತ್ರ ಬಾಟಲಿಯಿಂದ ನೀರೆರೆದಳು. ಅತ್ತೆ ವಿಭೂತಿ ಹಚ್ಚಿದರು, ಕಣ್ಣು ಮುಚ್ಚಿದರು. ತುಟಿ ಮಾತ್ರ ಅಲುಗುತ್ತಿತ್ತು. ಮನೆಯಲ್ಲಿ ಅರ್ಧ ಗಂಟೆ ಹಿಡಿಯುವ ಪೂಜೆ ಎರಡು ನಿಮಿಷದಲ್ಲಿ ಮುಗಿಯಿತು. ಕೈಗೆ ಬಿದ್ದ ನೀರನ್ನು ಅವರು ಬಾಯಿಗೆ ಹಾಕಿಕೊಂಡರು. ಆಗ ಯಜಮಾನರು ಆ ಮುದುಕನ ಕೈಯಿಂದ ಸಕ್ಕರೆ ಪೊಟ್ಟಣಗಳನ್ನು ಕಿತ್ತುಕೊಂಡು ಹರಿದು ಹರಿದು ಅವರ ನಾಲಿಗೆಗೆ ಸುರಿದರು.

ಮುದುಕ ತನ್ನ ಸೀಟಿಗೆ ಹೋಗಿ ಕೂತ. ಆದರೆ ಪದಬಂಧ ಮುಟ್ಟಲಿಲ್ಲ, ನಮ್ಮನ್ನೇ ನೋಡುತ್ತ ಕೂತ. ರೈಲು ಹೊರಟಿತು. ಪ್ಲಾಟ್‌ಫಾರಂನಲ್ಲಿ ನೀಲಿ ಚೀಲಗಳು ಒಂದು ಗಾಡಿಯ ಮೇಲೆ ಕೂತಿದ್ದು ಹಿಂದಕ್ಕೆ ಹೋದವು. ನನಗೆ ಈಗ ಅಳು ಬಂತು. ಯಾರಿಗೂ ಕಾಣದ ಹಾಗೆ ಅಳಬೇಕೆಂದುಕೊಂಡೆ, ಆಗಲಿಲ್ಲ. ಚೈತ್ರ ಬೆನ್ನು ಸವರುತ್ತ ಕೂತಳು.

ಒಂದು ಕಾಲು ಗಂಟೆಯಲ್ಲಿ ಅತ್ತೆಗೆ ಬಣ್ಣ ಬಂತು. ಅವಲಕ್ಕಿ ತಿಂದರು, ಖಾರ ಸಾಲದು ಅಂದರು. ಒಣಗಿದ ಬಟ್ಟೆಯಲ್ಲಿ ಲಿಂಗ ಸುತ್ತಿ ಕೊರಳಿಗೆ ಕಟ್ಟಿಕೊಂಡು, ಗಂಟು ಬಿಗಿಯಾಗಿದೆಯೇ ಅಂತ ಎರಡು ಸಲ ಎಳೆದು ನೋಡಿದರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. "ಪ್ರಾಗ್‌ಗೆ ಹೋದ ತಕ್ಷಣ ತಲೆಗೆ ಸ್ನಾನ ಮಾಡು" ಅಂದರು, ಅಷ್ಟೇ.

"ಕ್ಷಮಿಸಿ ಅತ್ತೆ" ಅಂದೆ.

ಅವರು ಕಿಟಕಿಯಾಚೆ ನೋಡುತ್ತಿದ್ದರು. ಸೂರ್ಯಕಾಂತಿ ಹೊಲಗಳು ಹೋಗುತ್ತಿದ್ದವು, ನಮ್ಮೂರ ಹತ್ತಿರದ ಹಿರೇನಲ್ಲೂರಿನ ಕಡೆ ಇರುವ ಹಾಗೆಯೇ. ನನ್ನ ಕಡೆ ತಿರುಗದೆ ಕೇಳಿದರು.

"ನಂದು ಕಸದಲ್ಲಿ ಹುಡುಕಿದೆ, ಸಿಕ್ತು. ನಿಂದೆಲ್ಲಿದೆ?"

"ಬೀರುವಿನಲ್ಲಿ ಅತ್ತೆ. ಒಡವೆ ಡಬ್ಬಿಯಲ್ಲಿ."

"ನೋಡಿದೀಯಾ ಈಚೆಗೆ?"

ನೋಡಿದ್ದೇನೆ ಅನ್ನಲು ಬಾಯಿ ತೆಗೆದೆ. ಒಡವೆ ಡಬ್ಬಿಯಲ್ಲೋ, ಅಜ್ಜಂಪುರದ ಮನೆ ಖಾಲಿ ಮಾಡುವಾಗ ತಂದ ಟ್ರಂಕಿನಲ್ಲೋ, ಅಥವಾ ಆ ಮನೆಯ ಗೂಡಿನಲ್ಲೇ ಬಿಟ್ಟು ಬಂದೆನೋ, ಎಷ್ಟು ನೆನಪಿಸಿಕೊಂಡರೂ ತೋಚಲಿಲ್ಲ.

"ಗೊತ್ತಿಲ್ಲ ಅತ್ತೆ" ಅಂದೆ.